ಒಳಗನ್ನು ಲೆಕ್ಕದಲ್ಲಿ ಕಂಡ ರಾಮಚಂದ್ರನ್

ಹಂಪೆಯನ್ನು ಹೊರಗಿನಿಂದ ನೋಡಬೇಕು, ಉಜ್ಜಿನಿಯನ್ನು ಒಳಹೊಕ್ಕು ನೋಡಬೇಕು ಎಂಬುದು ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯ ಹಳೆಯ ಮಾತು. ಮರುಳಸಿದ್ಧೇಶ್ವರನ ಗುಡಿಯ ಹೊರಗೋಡೆಯನ್ನಷ್ಟೇ ಕಂಡು ಹಿಂದಿರುಗಿದವರಿಗೆ ಆ ಮಾತಿನ ಅರ್ಥ ತಿಳಿಯದು. ಒಳಗಿನ ಕಂಬಗಳ ನಡುವೆ ನಿಂತು ಕತ್ತೆತ್ತಿ ಭುವನೇಶ್ವರಿಯನ್ನು ನೋಡಿದಾಗಲೇ ಶಿಲ್ಪಿಯ ಕೈಚಳಕ ಕಣ್ಣಿಗೆ ಬೀಳುತ್ತದೆ. ಜೀವಿಗಳ ವಿಷಯದಲ್ಲಿಯೂ ಇದು ನಿಜ. ಎಲುಬು, ಚರ್ಮ, ರಕ್ತ ಎಂದು ನಾವು ಹೆಸರಿಟ್ಟು ಕರೆಯುವ ವಸ್ತುಗಳ ನಿಜವಾದ ಶಿಲ್ಪವಿರುವುದು ಒಳಗೆ, ಬರಿಗಣ್ಣಿಗೂ ಸೂಕ್ಷ್ಮದರ್ಶಕಕ್ಕೂ ನಿಲುಕದಷ್ಟು ಒಳಗೆ.

ಅಲ್ಲಿಗೆ ಹೊಗುವ ದಾರಿಗಳು ಎರಡು. ಒಂದು ಪ್ರಯೋಗಶಾಲೆಯದು, ಇನ್ನೊಂದು ಲೆಕ್ಕದ್ದು. ಈ ಸೀಮೆಯ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಓದಿ ಬೆಂಗಳೂರು ಸೇರಿದ ಎಷ್ಟೋ ತರುಣ ತರುಣಿಯರು ಇಂದು ಮೊದಲ ದಾರಿಯನ್ನು ಬಿಟ್ಟು ಎರಡನೆಯದನ್ನು ಹಿಡಿಯುತ್ತಿದ್ದಾರೆ. ಪ್ರನಾಳ, ಪಿಪೆಟ್ಟುಗಳನ್ನು ಕೆಳಗಿರಿಸಿ ಗಣಕದ ಮುಂದೆ ಕುಳಿತು ವಂಶವಾಹಿಗಳ ಅಕ್ಷರಸಾಲುಗಳನ್ನೂ ಪ್ರೋಟೀನುಗಳ ಆಕಾರಗಳನ್ನೂ ಓದುತ್ತಿದ್ದಾರೆ. ಊರಿಗೆ ಹೋದಾಗ ಅವರಿಗೆ ಎದುರಾಗುವ ಪ್ರಶ್ನೆ ಒಂದೇ: ಓದಿದ ವಿಜ್ಞಾನವನ್ನು ಬಿಟ್ಟು ಕಂಪ್ಯೂಟರ್ ಕೆಲಸಕ್ಕೆ ಸೇರಿದೆಯಾ? ಪ್ರಶ್ನೆಯಲ್ಲಿ ಒಂದಿಷ್ಟು ಅನುಮಾನವಿದೆ, ಒಂದಿಷ್ಟು ನಿರಾಸೆಯೂ ಇದೆ. ಅದಕ್ಕೆ ಉತ್ತರ ಹುಡುಕುವವರು ಬೆಂಗಳೂರಿನಲ್ಲಿಯೇ ತನ್ನ ವೈಜ್ಞಾನಿಕ ಬದುಕನ್ನು ಆರಂಭಿಸಿ, ಅಲ್ಲಿಯೇ ಅದನ್ನು ಮುಗಿಸಿದ ಒಬ್ಬ ಮಹನೀಯನ ಜೀವನವನ್ನು ತಿಳಿಯುವುದು ಒಳಿತು. ಅವರೇ ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್.

ಜೀವರಸಾಯನಶಾಸ್ತ್ರದ ಯಾವ ಪಠ್ಯಪುಸ್ತಕವನ್ನು ತೆರೆದರೂ ಅವರ ಹೆಸರು ಸಿಗುತ್ತದೆ. ರಾಮಚಂದ್ರನ್ ನಕ್ಷೆ ಎಂಬ ಚೌಕಾಕಾರದ ಚಿತ್ರವನ್ನು ಬಿಡಿಸದೆ ಆ ಶಾಸ್ತ್ರದ ಪರೀಕ್ಷೆ ಪಾಸಾಗುವವರು ಕಡಿಮೆ. ಆದರೆ ಆ ಚಿತ್ರ ಒಂದು ಸೋಲಿನ ನೋವಿನಿಂದ ಹುಟ್ಟಿತೆಂಬುದು ಅದನ್ನು ಬಿಡಿಸುವ ಅನೇಕರಿಗೆ ತಿಳಿದಿಲ್ಲ.

ರಾಮಚಂದ್ರನ್ ಜನಿಸಿದ್ದು 1922ರ ಅಕ್ಟೋಬರ್ 8ರಂದು, ಕೊಚ್ಚಿ ಸಂಸ್ಥಾನದ ಎರ್ನಾಕುಲಂನಲ್ಲಿ. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದು, ಮುಂದೆ ಪ್ರಾಂಶುಪಾಲರೂ ಆದವರು. ಮಗನಿಗೆ ಗಣಿತದ ರುಚಿ ಹತ್ತಿದ್ದು ಮನೆಯಲ್ಲಿಯೇ. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಪದವಿ ಮುಗಿಸಿ 1942ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದರು. ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಆ ಸಂಸ್ಥೆಯಲ್ಲಿ ಅವರು ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗವನ್ನು. ಆದರೆ ಮನಸ್ಸು ಭೌತಶಾಸ್ತ್ರದತ್ತ ವಾಲಿತ್ತು. ಸರ್ ಸಿ.ವಿ. ರಾಮನ್ ಅವರ ಕಣ್ಣಿಗೆ ಈ ತರುಣ ಬಿದ್ದ ಮೇಲೆ ಎಂಜಿನಿಯರಿಂಗಿನ ಅಧ್ಯಾಯ ಅಲ್ಲಿಗೇ ಮುಗಿಯಿತು. ಈತ ನಿಮ್ಮ ವಿಭಾಗಕ್ಕೆ ಹೆಚ್ಚಾದ ಬುದ್ಧಿವಂತ, ನನಗೆ ಬಿಟ್ಟುಕೊಡಿ ಎಂಬರ್ಥದ ಮಾತಾಡಿ ರಾಮನ್ ಅವರನ್ನು ತಮ್ಮ ವಿಭಾಗಕ್ಕೆ ಕರೆತಂದರೆಂಬ ಕಥೆ ಆ ಸಂಸ್ಥೆಯ ಆವರಣದಲ್ಲಿ ಬಹುಕಾಲ ಚಾಲ್ತಿಯಲ್ಲಿತ್ತು.

ರಾಮನ್ ಅವರ ಶಿಷ್ಯರಾಗಿ ರಾಮಚಂದ್ರನ್ ಕಲಿತದ್ದು ಬೆಳಕಿನ ಶಾಸ್ತ್ರ ಮತ್ತು ಸ್ಫಟಿಕಗಳ ಶಾಸ್ತ್ರ. ವಜ್ರದ ಹರಳುಗಳಿಗೆ ಕ್ಷ-ಕಿರಣ ಹಾಯಿಸಿ ಅವುಗಳ ಒಳಗಿನ ಕುಂದುಕೊರತೆಗಳ ಚಿತ್ರ ತೆಗೆಯುವುದು ಅವರ ಆರಂಭದ ಕೆಲಸಗಳಲ್ಲೊಂದು. 1947ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಡಿ.ಎಸ್‌ಸಿ. ಪದವಿ ಪಡೆದು ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಶಾಲೆಗೆ ಹೋದರು. ಆಗ ಅದರ ಮುಖ್ಯಸ್ಥರು ಲಾರೆನ್ಸ್ ಬ್ರಾಗ್. ಅಲ್ಲಿ ವೂಸ್ಟರ್ ಅವರ ಮಾರ್ಗದರ್ಶನದಲ್ಲಿ, ಸ್ಫಟಿಕಗಳಿಂದ ಚದುರುವ ಕ್ಷ-ಕಿರಣಗಳನ್ನು ಅಳೆದು ಆ ಸ್ಫಟಿಕಗಳ ಸ್ಥಿತಿಸ್ಥಾಪಕತ್ವವನ್ನು ಕಂಡುಹಿಡಿಯುವ ಬಗೆಗೆ ಸಂಶೋಧನೆ ನಡೆಸಿ 1949ರಲ್ಲಿ ಪಿಎಚ್.ಡಿ. ಪಡೆದು ಬೆಂಗಳೂರಿಗೆ ಮರಳಿದರು. ಅಲ್ಲಿಯವರೆಗೆ ಅವರು ಉಪಕರಣಗಳ ನಡುವೆ ಬೆಳೆದ ಪ್ರಯೋಗಪಟು. ಜೀವವಿಜ್ಞಾನ ಅವರ ಕಣ್ಣಿಗಿನ್ನೂ ಬಿದ್ದಿರಲಿಲ್ಲ.

ತಿರುವು ಬಂದದ್ದು 1952ರಲ್ಲಿ. ಮದ್ರಾಸ್ ವಿಶ್ವವಿದ್ಯಾಲಯದ ಕುಲಪತಿ ಲಕ್ಷ್ಮಣಸ್ವಾಮಿ ಮುದಲಿಯಾರ್ ಹೊಸ ಭೌತಶಾಸ್ತ್ರ ವಿಭಾಗ ಕಟ್ಟಲು ರಾಮನ್ ಅವರನ್ನು ಸಂಪರ್ಕಿಸಿದಾಗ, ರಾಮನ್ ಸೂಚಿಸಿದ ಹೆಸರು ರಾಮಚಂದ್ರನ್ ಅವರದು. ಇನ್ನೂ ಮೂವತ್ತು ತುಂಬುವ ವಯಸ್ಸು. ಪ್ರಾಧ್ಯಾಪಕ ಪದವಿಯೊಡನೆ ಒಂದು ವಿಭಾಗವನ್ನೇ ಕಟ್ಟುವ ಹೊಣೆ. ಅದೇ ಕಾಲದಲ್ಲಿ ಮದ್ರಾಸಿಗೆ ಬಂದ ಬ್ರಿಟನ್ನಿನ ಸ್ಫಟಿಕಶಾಸ್ತ್ರಜ್ಞ ಜೆ.ಡಿ. ಬರ್ನಾಲ್, ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಬಗೆಹರಿದಿಲ್ಲವೆಂದು ಪ್ರಸ್ತಾಪಿಸಿದರು. ರಾಮಚಂದ್ರನ್ ಆ ಒಂದು ಮಾತನ್ನು ಹಿಡಿದುಕೊಂಡರು.

ಕೊಲಾಜೆನ್ ನಮ್ಮ ದೇಹವನ್ನು ಹಿಡಿದು ನಿಲ್ಲಿಸಿರುವ ನಾರು. ಎಲುಬು, ಚರ್ಮ, ಸ್ನಾಯುರಜ್ಜು, ಮೃದ್ವಸ್ಥಿ ಇವೆಲ್ಲಕ್ಕೂ ಬಲ ಬರುವುದು ಅದರಿಂದಲೇ. ಪ್ರಾಣಿದೇಹದಲ್ಲಿರುವ ಒಟ್ಟು ಪ್ರೋಟೀನಿನಲ್ಲಿ ಸುಮಾರು ಮೂರನೇ ಒಂದು ಪಾಲು ಅದೇ. ಚರ್ಮ ಹದಮಾಡುವವರು ತಲೆಮಾರುಗಳಿಂದ ಕೈಯಲ್ಲಿ ಹಿಡಿದು ಹದಗೊಳಿಸುತ್ತ ಬಂದದ್ದು ಈ ನಾರನ್ನೇ. ಮದ್ರಾಸಿನಲ್ಲಿ ಕೇಂದ್ರೀಯ ಚರ್ಮ ಸಂಶೋಧನಾಲಯ ನೆರೆಯಲ್ಲಿಯೇ ಇತ್ತು. ಅಲ್ಲಿಂದ ಕಾಂಗರೂ ಬಾಲದ ಸ್ನಾಯುರಜ್ಜು ದೊರೆಯಿತು. ಜೊತೆಗೆ ನಿಂತವರು ಗೋಪೀನಾಥ ಕರ್ತಾ. ಶ್ರೀಮಂತ ದೇಶಗಳ ಪ್ರಯೋಗಶಾಲೆಗಳಿಗೆ ಹೋಲಿಸಿದರೆ ಆ ವಿಭಾಗದ ಸಲಕರಣೆ ಅಲ್ಪವೇ. ಆದರೂ ನಾರಿಗೆ ಕ್ಷ-ಕಿರಣ ಹಾಯಿಸಿ ದೊರೆತ ಚಿತ್ರಗಳಿಂದ, ಮತ್ತು ಈ ಪ್ರೋಟೀನಿನ ಅಮೈನೋ ಆಮ್ಲಗಳಲ್ಲಿ ಮೂರನೇ ಒಂದು ಪಾಲು ಗ್ಲೈಸೀನ್ ಎಂಬ ರಾಸಾಯನಿಕ ಮಾಹಿತಿಯಿಂದ, ಅವರಿಬ್ಬರೂ 1954ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ರಚನೆಯನ್ನು ಮಂಡಿಸಿದರು. ಕೊಲಾಜೆನ್ ಮೂರು ಎಳೆಗಳ ಕಟ್ಟು. ಪ್ರತಿ ಮೂರನೆಯ ಸ್ಥಾನದಲ್ಲಿಯೂ ಗ್ಲೈಸೀನ್ ಇರಲೇಬೇಕು, ಏಕೆಂದರೆ ಕಟ್ಟಿನ ನಡುವಣ ಇಕ್ಕಟ್ಟಿನಲ್ಲಿ ಹಿಡಿಸುವಷ್ಟು ಸಣ್ಣ ಅಮೈನೋ ಆಮ್ಲ ಅದೊಂದೇ. ಮರುವರ್ಷ ಅದನ್ನು ತಿದ್ದಿ, ಆ ಮೂರು ಎಳೆಗಳು ಒಂದನ್ನೊಂದು ಸುತ್ತಿ ಹುರಿಗೊಂಡಿವೆಯೆಂದು ತೋರಿಸಿದರು.

ನಮ್ಮ ಕಡೆಯ ರೈತರು ಪುಂಡಿನಾರಿನಿಂದ ಹಗ್ಗ ಹೊಸೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡಿ ಎಳೆ ಜಗ್ಗಿದರೆ ಹರಿಯುತ್ತದೆ. ಮೂರೆಳೆ ಕೂಡಿಸಿ ಹುರಿ ಹಾಕಿದರೆ ಎತ್ತನ್ನೂ ತಡೆದು ನಿಲ್ಲಿಸುತ್ತದೆ. ಪ್ರಕೃತಿ ದೇಹದೊಳಗೆ ಮಾಡಿರುವುದೂ ಅದೇ.

ಮದ್ರಾಸಿನ ಈ ಸಾಧನೆ ಲೋಕದ ಗಮನ ಸೆಳೆಯಿತು. ಅದರ ಬೆನ್ನಲ್ಲೇ ಪೆಟ್ಟೂ ಬಿತ್ತು. ಡಿ.ಎನ್.ಎ. ರಚನೆಯನ್ನು ಕಂಡುಹಿಡಿದು ಎರಡೇ ವರ್ಷವಾಗಿದ್ದ ಫ್ರಾನ್ಸಿಸ್ ಕ್ರಿಕ್, ಅಲೆಕ್ಸಾಂಡರ್ ರಿಚ್ ಅವರೊಡಗೂಡಿ 1955ರಲ್ಲಿಯೇ ಅದೇ ನೇಚರ್ ಪತ್ರಿಕೆಯಲ್ಲಿ ಕೊಲಾಜೆನ್ನಿನ ತಮ್ಮ ರಚನೆಯನ್ನು ಪ್ರಕಟಿಸಿದರು. ಮೂರೆಳೆಯ ಹುರಿ ಎಂಬ ಮೂಲ ವಿಚಾರವನ್ನು ಅವರು ಒಪ್ಪಿದ್ದರು. ಆದರೆ ಮದ್ರಾಸಿನ ರಚನೆಯಲ್ಲಿ ಕೆಲವು ಪರಮಾಣುಗಳು ಇರಬೇಕಾದುದಕ್ಕಿಂತ ಹತ್ತಿರಕ್ಕೆ ಬಂದಿವೆ, ಅಷ್ಟು ಒತ್ತಾಗಿ ಅವು ಇರಲಾರವು, ಆದಕಾರಣ ಎಳೆಗಳ ನಡುವೆ ಮೂರು ಅಮೈನೋ ಆಮ್ಲಗಳಿಗೆ ಎರಡರಂತೆ ಜಲಜನಕ ಬಂಧಗಳಿರುವುದು ಸಾಧ್ಯವಿಲ್ಲ, ಒಂದೇ ಇರಬೇಕು ಎಂಬುದು ಅವರ ತಕರಾರು.

ಆ ಹೊತ್ತಿಗೆ ಕ್ರಿಕ್ ಅವರ ಮಾತಿನ ತೂಕ ಎಂಥದೆಂಬುದನ್ನು ಊಹಿಸಬಹುದು. ಸಣ್ಣ ವಿಭಾಗವೊಂದರ ಪ್ರಾಧ್ಯಾಪಕ ಎರಡರಲ್ಲೊಂದು ಮಾಡಬಹುದಿತ್ತು: ಒಪ್ಪಿ ಸುಮ್ಮನಾಗುವುದು, ಇಲ್ಲವೆ ಹಟಕ್ಕೆ ಬಿದ್ದು ವಾದಿಸುವುದು. ವಾದವನ್ನು ರಾಮಚಂದ್ರನ್ ಬಿಡಲಿಲ್ಲ, ನಿಜ. ಆದರೆ ವಾದಕ್ಕಿಂತ ದೊಡ್ಡದೊಂದು ಕೆಲಸವನ್ನು ಕೈಗೆತ್ತಿಕೊಂಡರು. ಪರಮಾಣುಗಳು ಎಷ್ಟು ಹತ್ತಿರ ಬರಬಲ್ಲವು ಎಂಬುದನ್ನು ನಿರ್ಧರಿಸುವವರು ಯಾರು? ಕ್ರಿಕ್ ಹೇಳಿದ್ದೇ ಪ್ರಮಾಣವೇ, ತಾವು ನಂಬಿದ್ದೇ ಪ್ರಮಾಣವೇ? ಪ್ರಕೃತಿಯನ್ನೇ ಕೇಳಬೇಕೆಂದು ಅವರು ನಿಶ್ಚಯಿಸಿದರು. ಅಮೈನೋ ಆಮ್ಲಗಳದೂ ಸಣ್ಣ ಪೆಪ್ಟೈಡುಗಳದೂ ಅವುಗಳನ್ನು ಹೋಲುವ ಸಂಯುಕ್ತಗಳದೂ ಸ್ಫಟಿಕರಚನೆಗಳು ಆ ವೇಳೆಗೆ ಅಲ್ಲಿಷ್ಟು ಇಲ್ಲಿಷ್ಟು ಪ್ರಕಟವಾಗಿದ್ದವು. ಅವನ್ನು ಒಂದೊಂದಾಗಿ ಆಯ್ದು, ಇಂಗಾಲಕ್ಕೂ ಇಂಗಾಲಕ್ಕೂ, ಇಂಗಾಲಕ್ಕೂ ಆಮ್ಲಜನಕಕ್ಕೂ, ಸಾರಜನಕಕ್ಕೂ ಜಲಜನಕಕ್ಕೂ ನಡುವೆ ವಾಸ್ತವವಾಗಿ ಕಂಡುಬಂದಿರುವ ಅತಿ ಕಡಿಮೆ ಅಂತರಗಳನ್ನು ಪಟ್ಟಿಮಾಡಿದರು. ಶಿಷ್ಯರಾದ ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಈ ಕೆಲಸದಲ್ಲಿ ಹೆಗಲು ಕೊಟ್ಟರು.

ಇತರರು ತಮ್ಮ ತಮ್ಮ ಪ್ರಯೋಗಶಾಲೆಗಳಲ್ಲಿ ಕಷ್ಟಪಟ್ಟು ಅಳೆದಿಟ್ಟ ಮಾಹಿತಿಯನ್ನು ಒಂದೆಡೆ ಕಲೆಹಾಕಿ, ಅದರಿಂದ ಹೊಸ ನಿಯಮವೊಂದನ್ನು ಹೊರಡಿಸುವುದು ಇಂದಿನ ಗಣನಾತ್ಮಕ ಜೀವವಿಜ್ಞಾನದ ನಿತ್ಯದ ಕೆಲಸ. 1950ರ ದಶಕದ ಕೊನೆಯಲ್ಲಿ ಅದಕ್ಕಿನ್ನೂ ಒಂದು ಹೆಸರಿರಲಿಲ್ಲ. ಮದ್ರಾಸಿನ ಆ ಮೂವರು ಹೆಸರಿಲ್ಲದ ಆ ಕೆಲಸವನ್ನು ಕಾಗದದ ಮೇಲೆ ಮಾಡುತ್ತಿದ್ದರು.

ಮುಂದಿನ ಹೆಜ್ಜೆಯನ್ನು ತಿಳಿಯಲು ಪ್ರೋಟೀನಿನ ಮೈಕಟ್ಟನ್ನು ಸ್ವಲ್ಪ ಅರಿಯಬೇಕು. ಪ್ರೋಟೀನು ಅಮೈನೋ ಆಮ್ಲಗಳ ಸರಪಳಿ. ಎರಡು ಅಮೈನೋ ಆಮ್ಲಗಳನ್ನು ಬೆಸೆಯುವ ಪೆಪ್ಟೈಡ್ ಘಟಕ ಬಾಗದ ಬಳುಕದ ರಟ್ಟಿನ ತುಂಡಿನಂತೆ ಚಪ್ಪಟೆ ಎಂಬುದನ್ನು ಅಮೆರಿಕದ ಲೈನಸ್ ಪೌಲಿಂಗ್ ಮತ್ತು ಅವರ ಸಂಗಡಿಗರು ಅದಾಗಲೇ ತೋರಿಸಿದ್ದರು. ಅಂಥ ಎರಡು ರಟ್ಟಿನ ತುಂಡುಗಳನ್ನು ಮೂಲೆಯಲ್ಲಿ ಒಂದು ಗುಂಡಿಯಿಂದ ಜೋಡಿಸಿದ್ದೇವೆಂದು ಭಾವಿಸಿ. ಗುಂಡಿಯ ಎಡಬಲಗಳಲ್ಲಿ ಎರಡೂ ತುಂಡುಗಳು ತಿರುಗಬಲ್ಲವು. ಒಂದರ ತಿರುವಿಗೆ ಫೈ ಎಂದೂ ಇನ್ನೊಂದರ ತಿರುವಿಗೆ ಸೈ ಎಂದೂ ಗ್ರೀಕ್ ಅಕ್ಷರಗಳ ಹೆಸರು. ಸರಪಳಿಯುದ್ದಕ್ಕೂ ಈ ಎರಡು ಕೋನಗಳನ್ನು ತಿಳಿಸಿದರೆ ಪ್ರೋಟೀನಿನ ಬೆನ್ನೆಲುಬು ಯಾವ ಆಕಾರದಲ್ಲಿದೆ ಎಂಬುದನ್ನು ತಿಳಿಸಿದಂತೆ. ಗೋಜಲಿನಂತೆ ಕಾಣುವ ಪ್ರೋಟೀನನ್ನು ಎರಡೆರಡು ಅಂಕಿಗಳ ಸಾಲಾಗಿ ಬರೆದಿಡುವ ದಾರಿ ಹೀಗೆ ತೆರೆಯಿತು.

ತುಂಡುಗಳು ತಿರುಗಬಲ್ಲವೆಂದ ಮಾತ್ರಕ್ಕೆ ಮನಬಂದಂತೆ ತಿರುಗಲಾರವು. ಕೆಲವು ತಿರುವುಗಳಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಸಂತೆಯ ದಿನ ಕಿಕ್ಕಿರಿದ ಬಸ್ಸಿನಲ್ಲಿ ನಿಂತವನು ಎಲ್ಲ ದಿಕ್ಕಿಗೂ ತಿರುಗಲಾರನಷ್ಟೆ. ಯಾವ ಕೋನಜೋಡಿಯಲ್ಲಿ ಡಿಕ್ಕಿ ತಪ್ಪುತ್ತದೆ, ಯಾವುದರಲ್ಲಿ ತಪ್ಪದು ಎಂಬುದನ್ನು ತಾವು ಸಿದ್ಧಪಡಿಸಿದ್ದ ಅಂತರಗಳ ಪಟ್ಟಿಯೊಡನೆ ಹೋಲಿಸಿ ಲೆಕ್ಕಹಾಕುವುದು ಅವರ ಯೋಜನೆ. ಹತ್ತು ಹತ್ತು ಡಿಗ್ರಿಗೊಂದರಂತೆ ಬಿಂದುಗಳನ್ನು ಆರಿಸಿಕೊಂಡರೂ ಒಟ್ಟು 1296 ಕೋನಜೋಡಿಗಳಾಗುತ್ತವೆ. ಒಂದೊಂದರಲ್ಲಿಯೂ ಹಲವು ಪರಮಾಣುಗಳ ಸ್ಥಾನ ಕಂಡುಹಿಡಿದು, ಪ್ರತಿ ಜೋಡಿ ಪರಮಾಣುಗಳ ನಡುವಣ ದೂರ ಅಳೆಯಬೇಕು. ಇಂದು ಅಂಗೈಯ ಮೊಬೈಲು ಕಣ್ಣು ಮಿಟುಕಿಸುವುದರೊಳಗೆ ಮುಗಿಸುವ ಲೆಕ್ಕ ಅದು. ಅಂದು ಅದು ನಡೆದದ್ದು ಮೇಜಿನ ಮೇಲಿಡುವ ಲೆಕ್ಕಯಂತ್ರಗಳಲ್ಲಿ, ಸಾಲುಸಾಲಾಗಿ ಅಂಕಿಗಳನ್ನು ಬರೆದುಕೊಳ್ಳುತ್ತ.

ಫಲಿತಾಂಶ 1963ರಲ್ಲಿ ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿಯಲ್ಲಿ ಐದೇ ಪುಟಗಳ ಲೇಖನವಾಗಿ ಬಂತು. ಅಡ್ಡಗೆರೆಯಲ್ಲಿ ಒಂದು ಕೋನ, ಉದ್ದಗೆರೆಯಲ್ಲಿ ಇನ್ನೊಂದು. ನಡುವಣ ಬಯಲಿನ ಬಹುಪಾಲು ಖಾಲಿ. ಸುಮಾರು ಮುಕ್ಕಾಲು ಭಾಗ ಪ್ರೋಟೀನಿಗೆ ನಿಷಿದ್ಧ. ಉಳಿದ ಕೆಲವೇ ದ್ವೀಪಗಳಲ್ಲಿ ಅದಕ್ಕೆ ವಾಸ. ಪೌಲಿಂಗ್ ಕಂಡಿದ್ದ ಆಲ್ಫಾ ಸುರುಳಿ ಒಂದು ದ್ವೀಪದಲ್ಲಿ ಬಿತ್ತು. ಹಾಳೆಯಂತೆ ಹರಡಿಕೊಳ್ಳುವ ಬೀಟಾ ರಚನೆಯೂ, ವಿವಾದಕ್ಕೆ ಗುರಿಯಾಗಿದ್ದ ಕೊಲಾಜೆನ್ನಿನ ಎಳೆಯೂ ಇನ್ನೊಂದರಲ್ಲಿ ಬಿದ್ದವು. ಪಕ್ಕದ ಸರಪಳಿಯೇ ಇಲ್ಲದ ಗ್ಲೈಸೀನಿಗೆ ಮಾತ್ರ ಓಡಾಡಲು ಹೆಚ್ಚು ಜಾಗ.

ಆ ಕಾಲಕ್ಕೆ ಒಳರಚನೆ ವಿವರವಾಗಿ ಗೊತ್ತಿದ್ದ ಪ್ರೋಟೀನುಗಳೇ ಇರಲಿಲ್ಲವೆನ್ನಬೇಕು. ಪರಮಾಣುಗಳ ಮಟ್ಟಕ್ಕೆ ಹತ್ತಿರವಾಗಿ ಕಂಡಿದ್ದು ಮಯೋಗ್ಲೋಬಿನ್ ಒಂದೇ. ಅದಕ್ಕಾಗಿ ಜಾನ್ ಕೆಂಡ್ರೂ ಅವರಿಗೆ 1962ರಲ್ಲಷ್ಟೇ ನೊಬೆಲ್ ಬಂದಿತ್ತು. ಮುಂದೆ ಒಂದರ ಹಿಂದೊಂದರಂತೆ ಸಾವಿರಾರು ಪ್ರೋಟೀನುಗಳ ರಚನೆ ಬಗೆಹರಿದಾಗ ಅವುಗಳ ಕೋನಗಳು ಮದ್ರಾಸಿನವರು ಗೆರೆಯೆಳೆದಿದ್ದ ದ್ವೀಪಗಳಲ್ಲಿಯೇ ಗುಂಪುಗುಂಪಾಗಿ ಬಂದು ನಿಂತವು. ಪ್ರಯೋಗ ಕಾಣುವ ಮುನ್ನವೇ ಲೆಕ್ಕ ಕಂಡಿತ್ತು. ಇದೊಂದು ಹಿರಿಮೆಯಾದರೆ ಅದರ ಇನ್ನೊಂದು ಮುಖ ಇನ್ನೂ ಮುಖ್ಯವಾದುದು. ಪ್ರಯೋಗಶಾಲೆಯಲ್ಲಿ ಕಂಡ ರಚನೆಯೊಂದರ ಕೋನಗಳು ನಿಷಿದ್ಧ ಬಯಲಿನಲ್ಲಿ ಬಿದ್ದರೆ, ಎಲ್ಲೋ ತಪ್ಪಾಗಿದೆ, ಮತ್ತೊಮ್ಮೆ ನೋಡು ಎಂದು ಆ ನಕ್ಷೆ ಎಚ್ಚರಿಸುತ್ತದೆ. ಲೋಕದ ಪ್ರೋಟೀನ್ ಭಂಡಾರಕ್ಕೆ ಹೊಸ ರಚನೆ ಸೇರಿಸುವ ಯಾವ ವಿಜ್ಞಾನಿಯೂ ಇಂದಿಗೂ ಆ ಪರೀಕ್ಷೆಯನ್ನು ದಾಟಿಯೇ ಹೋಗಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ರಾಮಚಂದ್ರನ್ ಪ್ರಯೋಗಶಾಲೆಯಿಂದ ಲೆಕ್ಕಕ್ಕೆ ಬಂದದ್ದು ಪ್ರಯೋಗ ಬೇಸರವಾದುದರಿಂದಲ್ಲ, ಕೈ ಸಾಗದುದರಿಂದಲೂ ಅಲ್ಲ. ಪ್ರಯೋಗ ಎಬ್ಬಿಸಿದ ಪ್ರಶ್ನೆಗೆ ಪ್ರಯೋಗದಲ್ಲಿ ಉತ್ತರವಿಲ್ಲವೆಂದು ಕಂಡಾಗ ಅವರು ಹಾಗೆ ಮಾಡಿದರು. ಹತ್ತು ವರ್ಷ ಸ್ಫಟಿಕಗಳನ್ನು ಕೈಯಾರೆ ಪರೀಕ್ಷಿಸಿದ್ದವರಾದ್ದರಿಂದ ಯಾವ ಅಳತೆಯನ್ನು ನಂಬಬೇಕು, ಯಾವುದನ್ನು ನಂಬಬಾರದು ಎಂಬ ವಿವೇಕ ಅವರಲ್ಲಿತ್ತು. ಅಂತರಗಳ ಪಟ್ಟಿಯಲ್ಲಿ ವಾಡಿಕೆಯ ಮಿತಿ ಎಂದೂ, ಅದಕ್ಕಿಂತ ತುಸು ಸಡಿಲವಾದ ಕಟ್ಟಕಡೆಯ ಮಿತಿ ಎಂದೂ ಎರಡು ಅಂಕಿಗಳನ್ನು ಇಟ್ಟುಕೊಂಡದ್ದು ಆ ವಿವೇಕದ ಫಲ. ಪ್ರಕೃತಿ ಗೆರೆ ಎಳೆದಂತೆ ನಡೆಯದು, ಅಳತೆಯಲ್ಲಿ ತಪ್ಪಿರುತ್ತದೆ ಎಂಬುದನ್ನು ಬಲ್ಲವರು ಮಾತ್ರ ಹಾಗೆ ಎರಡು ಮಿತಿಗಳನ್ನು ಇಡಬಲ್ಲರು.

ಕೊಲಾಜೆನ್ನಿನ ವ್ಯಾಜ್ಯ ಏನಾಯಿತು? ಎರಡನೆಯ ಬಂಧ ನೀರಿನ ಅಣುವಿನ ಮೂಲಕ ಏರ್ಪಡಬಹುದೆಂದು ರಾಮಚಂದ್ರನ್ ಮುಂದೆ ವಾದಿಸಿದರು. 1994ರಲ್ಲಿ ಅಮೆರಿಕದ ಹೆಲನ್ ಬರ್ಮನ್, ಬಾರ್ಬರಾ ಬ್ರಾಡ್ಸ್‌ಕಿ ಮತ್ತು ಸಂಗಡಿಗರು ಕೊಲಾಜೆನ್ನನ್ನು ಹೋಲುವ ಪೆಪ್ಟೈಡೊಂದರ ಸ್ಫಟಿಕರಚನೆಯನ್ನು ಸ್ಪಷ್ಟವಾಗಿ ಕಂಡರು. ಮೂರೆಳೆಯ ಹುರಿ ಹಾಗೆಯೇ ಇತ್ತು. ಮೂರು ಅಮೈನೋ ಆಮ್ಲಗಳಿಗೆ ನೇರ ಬಂಧ ಒಂದೇ, ಆ ಮಟ್ಟಿಗೆ ರಿಚ್ ಮತ್ತು ಕ್ರಿಕ್ ಹೇಳಿದ್ದು ಸರಿ. ಸುತ್ತಲೂ ನೀರಿನ ಅಣುಗಳು ಕ್ರಮಬದ್ಧವಾಗಿ ಸೇತುವೆ ಕಟ್ಟಿದ್ದವು. ಒಂದು ವಿವರದಲ್ಲಿ ಸೋತವರು ಆ ಸೋಲನ್ನೇ ಮೆಟ್ಟಿಲು ಮಾಡಿಕೊಂಡು ಎಲ್ಲ ಪ್ರೋಟೀನುಗಳಿಗೂ ಅನ್ವಯಿಸುವ ನಿಯಮವೊಂದನ್ನು ಕಂಡಿದ್ದರು. ಅಂದು ತಕರಾರು ಬಾರದೆ ಹೋಗಿದ್ದರೆ ಈ ನಕ್ಷೆ ಹುಟ್ಟುತ್ತಿತ್ತೇ ಎಂಬುದು ಯೋಚಿಸತಕ್ಕ ಮಾತು.

ರಾಮಚಂದ್ರನ್ ಮತ್ತೆ ಬೆಂಗಳೂರಿಗೆ ಬಂದದ್ದು 1970ರ ದಶಕದ ಆರಂಭದಲ್ಲಿ. ಭಾರತೀಯ ವಿಜ್ಞಾನ ಮಂದಿರದ ಅಂದಿನ ನಿರ್ದೇಶಕ ಸತೀಶ್ ಧವನ್ ಅವರ ಆಹ್ವಾನದ ಮೇರೆಗೆ ಅವರು ಅಲ್ಲಿ ಅಣುಜೀವ ಭೌತವಿಜ್ಞಾನದ ಘಟಕವನ್ನು ಕಟ್ಟಿದರು. ಮಾಲಿಕ್ಯುಲರ್ ಬಯೊಫಿಸಿಕ್ಸ್ ಯೂನಿಟ್ ಎಂದು ಲೋಕ ಅರಿತಿರುವ ಆ ಘಟಕಕ್ಕೆ ಶಶಿಶೇಖರನ್, ರಾಮಕೃಷ್ಣನ್ ಅವರೂ ಬಂದರು. ಸ್ಫಟಿಕಶಾಸ್ತ್ರಜ್ಞ ಎಂ. ವಿಜಯನ್, ಪೆಪ್ಟೈಡುಗಳ ರಸಾಯನಶಾಸ್ತ್ರದಲ್ಲಿ ಹೆಸರಾದ ಪಿ. ಬಲರಾಮ್ ಬೆಳೆದದ್ದೂ ಅಲ್ಲಿಯೇ. ಲೆಕ್ಕ ಹಾಕುವವರೂ ಹರಳು ಬೆಳೆಸುವವರೂ ಅಣುಗಳನ್ನು ಕೂಡಿಸುವವರೂ ಒಂದೇ ಸೂರಿನ ಕೆಳಗೆ ಕುಳಿತು ಕೆಲಸ ಮಾಡುವ ಪರಿಪಾಠ ಅಲ್ಲಿ ಬೆಳೆಯಿತು. ಬೆಂಗಳೂರು ಇಂದು ಜೈವಿಕ ಮಾಹಿತಿ ವಿಜ್ಞಾನದ ನೆಲೆಯೆನಿಸಿದ್ದರೆ ಅದರ ಬೇರುಗಳಲ್ಲಿ ಒಂದು ಆ ಸೂರಿನಡಿ ಇದೆ.

1971ನೆಯ ವರ್ಷ ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದುದು. ದೇಹದ ಸುತ್ತ ಹಲವು ಕೋನಗಳಿಂದ ತೆಗೆದ ಕ್ಷ-ಕಿರಣದ ನೆರಳುಗಳನ್ನು ಕೂಡಿಸಿ ಒಳಗಿನ ಚಿತ್ರವನ್ನು ಮರಳಿ ಕಟ್ಟುವ ಒಂದು ಸರಳ ಗಣಿತವಿಧಾನವನ್ನು ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಆ ವರ್ಷ ಪ್ರಕಟಿಸಿದರು. ಅದಕ್ಕೂ ಮುನ್ನ ಬಳಕೆಯಲ್ಲಿದ್ದ ದೀರ್ಘವಾದ ಲೆಕ್ಕಕ್ಕೆ ಹೋಲಿಸಿದರೆ ಇದು ಬಲು ಚುರುಕು. ಅದೇ ವರ್ಷದ ಅಕ್ಟೋಬರಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರ ಲಂಡನ್ನಿನಲ್ಲಿ ರೋಗಿಯೊಬ್ಬರ ಮೆದುಳನ್ನು ಮೊದಲ ಬಾರಿಗೆ ಚಿತ್ರಿಸಿತು. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕೋರ್ಮ್ಯಾಕ್ ಅವರಿಗೆ ಸಂದಿತು. ಸಿ.ಟಿ. ಸ್ಕ್ಯಾನ್ ಕಲಿಯುವ ಎಂಜಿನಿಯರುಗಳು ಇಂದಿಗೂ ರಾಮ್-ಲಾಕ್ ಶೋಧಕವೆಂಬ ಹೆಸರಿನಲ್ಲಿ ಈ ಇಬ್ಬರ ವಿಧಾನವನ್ನು ಓದುತ್ತಾರೆ. ತಲೆಗೆ ಪೆಟ್ಟಾದವರನ್ನು ಕೂಡ್ಲಿಗಿಯಿಂದ ಬಳ್ಳಾರಿಗೋ ದಾವಣಗೆರೆಗೋ ಕರೆದೊಯ್ದು ಸ್ಕ್ಯಾನ್ ಮಾಡಿಸುವ ಬಂಧುಗಳಿಗೆ ಈ ಹೆಸರು ಗೊತ್ತಿರಲಾರದು. ಒಳಗನ್ನು ಸೀಳದೆ ಒಳಗನ್ನು ನೋಡುವ ವಿದ್ಯೆಯಲ್ಲಿ ಅವರ ಪಾಲಿದೆ.

ಲಂಡನ್ನಿನ ರಾಯಲ್ ಸೊಸೈಟಿ 1977ರಲ್ಲಿ ಅವರನ್ನು ಸದಸ್ಯರನ್ನಾಗಿ ಆರಿಸಿಕೊಂಡಿತು. ಭಟ್ನಾಗರ್ ಪ್ರಶಸ್ತಿ 1961ರಲ್ಲಿಯೇ ಬಂದಿತ್ತು. ಕೊನೆಯ ದೊಡ್ಡ ಮನ್ನಣೆ, ಅಂತರರಾಷ್ಟ್ರೀಯ ಸ್ಫಟಿಕಶಾಸ್ತ್ರ ಒಕ್ಕೂಟದ ಎವಾಲ್ಡ್ ಪ್ರಶಸ್ತಿ, ದೊರೆತದ್ದು 1999ರಲ್ಲಿ. ನೊಬೆಲ್ ಬರಲಿಲ್ಲ. ಬರಬೇಕಿತ್ತೆಂದು ಹಳಹಳಿಸುವವರು ಬಹಳ. ಅವರ ಕೊನೆಯ ವರ್ಷಗಳ ಆಸಕ್ತಿ ಇನ್ನೂ ಆಳಕ್ಕೆ ಹೋಗಿತ್ತು. ವಿಜ್ಞಾನ ಮಂದಿರದಲ್ಲಿಯೇ ಗಣಿತೀಯ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ತರ್ಕಶಾಸ್ತ್ರವನ್ನು ಬೀಜಗಣಿತದ ಭಾಷೆಯಲ್ಲಿ ಬರೆಯಲು ಯತ್ನಿಸಿದರು. ಇದೆ, ಇಲ್ಲ ಎಂಬ ಎರಡೇ ಉತ್ತರಗಳಿಗೆ ನಿಲ್ಲದ ಜೈನರ ಸ್ಯಾದ್ವಾದ ಅವರನ್ನು ಸೆಳೆದಿತ್ತು. ವಾಡಿಕೆಯ ಮಿತಿ, ಕಟ್ಟಕಡೆಯ ಮಿತಿ ಎಂದು ಎರಡು ಗೆರೆಗಳನ್ನು ಎಳೆದ ಮನಸ್ಸಿಗೆ ಆ ದರ್ಶನ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಐದು ದಶಕಗಳ ಒಡನಾಡಿಯಾಗಿದ್ದ ಪತ್ನಿ ರಾಜಲಕ್ಷ್ಮಿ 1998ರಲ್ಲಿ ತೀರಿಕೊಂಡರು. ಪಾರ್ಕಿನ್‌ಸನ್ ಕಾಯಿಲೆಯಿಂದ ಬಳಲಿದ್ದ ರಾಮಚಂದ್ರನ್ 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು.

ಆ ವರ್ಷದ ಫೆಬ್ರವರಿಯಲ್ಲಿಯೇ ಮಾನವ ಜೀನೋಮಿನ ಕರಡು ಪ್ರಕಟವಾಗಿತ್ತು. ಲೋಕದ ಪ್ರಯೋಗಶಾಲೆಗಳಿಂದ ಮಾಹಿತಿಯ ಹೊಳೆ ಹರಿಯತೊಡಗಿ, ಅದನ್ನು ಓದಬಲ್ಲವರಿಗೆ ಬೇಡಿಕೆ ಬಂತು. ಜೈವಿಕ ಮಾಹಿತಿಯ ಜಾಲವನ್ನು ಭಾರತ ಸರ್ಕಾರ 1986-87ರಲ್ಲಿಯೇ ಆರಂಭಿಸಿತ್ತು. ಇದಕ್ಕೆಂದೇ ಒಂದು ಸಂಸ್ಥೆ 2001ರಲ್ಲಿ ಬೆಂಗಳೂರಿನಲ್ಲಿ ತಲೆಯೆತ್ತಿತು. ಪ್ರೋಟೀನಿನ ಆಕಾರವನ್ನು ಅಕ್ಷರಸಾಲಿನಿಂದಲೇ ಊಹಿಸಬಲ್ಲ ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ವ್ಯವಸ್ಥೆ 2020ರಲ್ಲಿ ವಿಜ್ಞಾನಿಗಳನ್ನು ಬೆರಗುಗೊಳಿಸಿತು. 2022ರ ಹೊತ್ತಿಗೆ ಅದು ಊಹಿಸಿದ ರಚನೆಗಳ ಸಂಖ್ಯೆ 20 ಕೋಟಿ ದಾಟಿತು. ಅದನ್ನು ರೂಪಿಸಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ, ಹೊಸ ಪ್ರೋಟೀನುಗಳನ್ನು ವಿನ್ಯಾಸಗೊಳಿಸಿದ ಡೇವಿಡ್ ಬೇಕರ್ ಅವರೊಡನೆ, 2024ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಹಾಗಾದರೆ ಪ್ರಯೋಗಶಾಲೆಯ ಕಾಲ ಮುಗಿಯಿತೇ? ಆ ಯಂತ್ರ ಪಾಠ ಕಲಿತದ್ದು ಎಲ್ಲಿ ಎಂದು ಕೇಳಿದರೆ ಉತ್ತರ ದೊರೆಯುತ್ತದೆ. 1971ರಲ್ಲಿ ಏಳು ರಚನೆಗಳೊಂದಿಗೆ ಆರಂಭವಾದ ಲೋಕದ ಪ್ರೋಟೀನ್ ಭಂಡಾರದಲ್ಲಿ ಇಂದು 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಅವುಗಳಲ್ಲಿ ಅನೇಕವುಗಳ ಹಿಂದೆ ಯಾರೋ ಒಬ್ಬರು ವರ್ಷಗಟ್ಟಲೆ ಹರಳು ಬೆಳೆಸಿದ, ಹರಳು ಬಾರದೆ ಕಂಗೆಟ್ಟ, ಮತ್ತೆ ಬೆಳೆಸಿದ ಶ್ರಮವಿದೆ. ಮದ್ರಾಸಿನ ಮೂವರು ತಮ್ಮ ಪಟ್ಟಿಯನ್ನು ಪರರ ಪ್ರಯೋಗಗಳಿಂದ ಕಲೆಹಾಕಿದಂತೆಯೇ ಈ ಯಂತ್ರವೂ ಆ ಶ್ರಮದ ಮೇಲೆ ನಿಂತಿದೆ. ನೆಲ ಹದಮಾಡಿದವರನ್ನು ಮರೆತು ರಾಶಿಯನ್ನಷ್ಟೇ ಹೊಗಳುವುದು ಒಕ್ಕಲುತನ ಬಲ್ಲವರ ಲಕ್ಷಣವಲ್ಲ.

ಹಿಂದುಳಿದ ತಾಲ್ಲೂಕುಗಳ ಮಕ್ಕಳಿಗೆ ಈ ಜೀವನದಲ್ಲಿ ಎರಡು ಪಾಠಗಳಿವೆ. ಒಂದು ಧೈರ್ಯದ್ದು. ಕೋಟ್ಯಂತರ ರೂಪಾಯಿಯ ಉಪಕರಣಗಳಿಲ್ಲದೆಯೂ ಲೋಕಕ್ಕೆ ಸಲ್ಲುವ ವಿಜ್ಞಾನ ಸಾಧ್ಯ. ಪ್ರೋಟೀನುಗಳ, ಜೀನೋಮುಗಳ ಮಾಹಿತಿ ಇಂದು ಯಾರು ಬೇಕಾದರೂ ಉಚಿತವಾಗಿ ಪಡೆಯುವಂತೆ ತೆರೆದಿದೆ. ಒಂದು ಸಾಧಾರಣ ಗಣಕ, ಕಡಿಯದ ವಿದ್ಯುತ್ತು, ಒಂದಿಷ್ಟು ಗಣಿತ ಇದ್ದರೆ ಹಡಗಲಿಯಲ್ಲಿ ಕುಳಿತವರಿಗೂ ಬಾಸ್ಟನ್ನಿನಲ್ಲಿ ಕುಳಿತವರಿಗೂ ಆ ಭಂಡಾರದ ಬಾಗಿಲು ಒಂದೇ. ಲೆಕ್ಕಯಂತ್ರದ ಮೇಲೆ ಅಂಕಿ ಒತ್ತುತ್ತ ಕುಳಿತ ಮದ್ರಾಸಿನವರಿಗೆ ಇಷ್ಟೂ ಇರಲಿಲ್ಲ.

ಇನ್ನೊಂದು ಎಚ್ಚರದ್ದು. ಪ್ರಯೋಗಶಾಲೆಯ ಹೊಸ್ತಿಲನ್ನೇ ತುಳಿಯದೆ ಗಣಕದ ಮುಂದೆ ಕುಳಿತವರಿಗೆ ಪರದೆಯ ಮೇಲಿನ ಅಂಕಿಗಳೆಲ್ಲ ಒಂದೇ ತೂಕದವಾಗಿ ಕಾಣುತ್ತವೆ. ಯಾವುದು ಅಳತೆ, ಯಾವುದು ಅಳತೆಯ ತಪ್ಪು, ಯಾವುದು ಯಂತ್ರದ ಊಹೆ ಎಂಬ ಭೇದ ಅರಿಯುವುದು ಕೈ ಕೊಳೆ ಮಾಡಿಕೊಂಡವರಿಗೆ ಸುಲಭ. ಆದ್ದರಿಂದ ಗಣಕಗಳನ್ನು ಕೊಟ್ಟಿದ್ದೇವೆಂದು ಜಿಲ್ಲೆಯ ಕಾಲೇಜುಗಳ ಪ್ರಯೋಗಶಾಲೆಗಳಿಗೆ ಬೀಗ ಹಾಕುವುದು ತರವಲ್ಲ. ಪದವಿ ತರಗತಿಯಲ್ಲಿ ಹರಳೊಂದನ್ನು ಬೆಳೆಸಿ, ಅದು ಬೆಳೆಯದೆ ಹೋದಾಗ ಕಾರಣ ಹುಡುಕಿದ ಹುಡುಗಿ ಮುಂದೆ ಲಕ್ಷ ರಚನೆಗಳ ಲೆಕ್ಕ ಮಾಡುವಾಗ ಬೇರೆಯದೇ ಕಣ್ಣಿನಿಂದ ನೋಡುತ್ತಾಳೆ.

ಊರಿನವರ ಪ್ರಶ್ನೆಗೆ ರಾಮಚಂದ್ರನ್ ಅವರ ಬದುಕು ಕೊಡುವ ಉತ್ತರವೂ ಇದೇ. ಪ್ರಯೋಗಶಾಲೆಯನ್ನು ಬಿಟ್ಟು ಬಂದವರು ಅಲ್ಲಿಂದ ಒಂದು ಪ್ರಶ್ನೆಯನ್ನು ಜೊತೆಗೆ ತಂದಿದ್ದರೆ ಅವರು ವಿಜ್ಞಾನವನ್ನು ಬಿಟ್ಟಿಲ್ಲ. ಉಜ್ಜಿನಿಯ ಗುಡಿಗೆ ಹೊರಬಾಗಿಲನ್ನು ದಾಟಿಯೇ ಒಳಗೆ ಹೋಗಬೇಕು. ಹೊರಗೆ ನಿಂತು ಕಲ್ಲನ್ನು ಮುಟ್ಟಿ ನೋಡಿದವರಿಗೆ ಒಳಗಿನ ಕೆತ್ತನೆಯ ಬೆಲೆ ಚೆನ್ನಾಗಿ ತಿಳಿಯುತ್ತದೆ.